ಕೆರಾಡಿಯ ಗಂಡು, ಬಿಜೂರಿನ ಹೆಣ್ಣು

ನುಸಿಗುಳಿಗೆಯ ವಾಸನೆ, ಥೂ, ಕೀಟಗಳ ಪೆಟ್ಟಿಗೆ ತೆರೆದಾಗಲೆಲ್ಲ ಇದೇ, ಆದರೆ ವಿನಯಾ ಮುಖ ತಿರುಗಿಸಿದ್ದು ಅದಕ್ಕಲ್ಲ, ಕಾಲೇಜಿನ ಕಿಟಕಿಯಿಂದ ನುಗ್ಗುವ ಗಂಗೊಳ್ಳಿಯ ಒಣಮೀನಿನ ಗಾಳಿಗೂ ಅಲ್ಲ — ಸೂಜಿ ಚುಚ್ಚಿಸಿಕೊಂಡು ನಿಂತ ಎರಡು ಕುಂಬಾರ ಕಣಜಗಳು, ಎಡಗಡೆಯದು ೧೯೯೭ರಲ್ಲಿ ಕೆರಾಡಿಯ ಕಾಡಂಚಿನಲ್ಲಿ ಸಿಕ್ಕ ಗಂಡು, ರವಿರಾಜ್ ಸರ್ ಅದಕ್ಕೆ ಊರಿನ ಹೆಸರು ಹಿಡಿದು ಕೆರಾಡಿಯೆನ್ಸಿಸ್ ಅಂದರು, ಬಲಗಡೆಯದು ಎರಡು ವರ್ಷದ ಮೇಲೆ ಬಿಜೂರಿನಲ್ಲಿ ಅವಳೇ ಹಿಡಿದ ಹೆಣ್ಣು, ಹಳದಿ ಪಟ್ಟೆ ಅಗಲ, ಬೇರೆಯದೇ ಜಾತಿ ಅಂದರು ಸರ್, ಅವಳ ಸಂಶೋಧನೆಗೆ ಅವರೇ ಮಾರ್ಗದರ್ಶಕರು, ಎದುರಾಡುವುದುಂಟೇ, ಇದಕ್ಕೆ ನಿನ್ನ ಹೆಸ್ರೇ ಇಡ್ತೆ ಹೆಣೇ, ಲ್ಯಾಟಿನಂಗೆ ವಿನಯೆ, ಅನ್ನುತ್ತ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು ಹೆಸರಿನ ಚೀಟಿ ಎತ್ತಿ ಸೂಜಿಗೆ ಸಿಕ್ಕಿಸಿದರು, ಆಮೇಲೆ ಅದೇ ಒದ್ದೆ ಹೆಬ್ಬೆರಳು ಅವಳ ಜಡೆಯ ಬುಡದಲ್ಲಿ, ನಿಧಾನಕ್ಕೆ ಕೆಳಗೆ — ಕುರ್ಚಿ ಕೆಡವಿ ಎದ್ದು ಓಡಿದ್ದಳು, ಬೈಂದೂರು ಬಸ್ಸಿನಲ್ಲಿ ಇಡೀ ದಾರಿ ದುಪಟ್ಟಾದಿಂದ ಕುತ್ತಿಗೆ ತಿಕ್ಕುತ್ತ ಕೂತಿದ್ದಳು, ಅಮ್ಮನಿಗೆ ಹೇಳಲಿಲ್ಲ, ಹೇಗೆ ಹೇಳುವುದು, ಅಮ್ಮ ಮದುವೆ ಮನೆಗಳಲ್ಲಿ, ನಮ್ ವಿನಯನ್ ಹೆಸ್ರಂಗೆ ಒಂದ್ ಹುಳ ಇತ್ ಕಾಣಿ, ಅನ್ನುತ್ತಾಳೆ, ಜನ ನಗುತ್ತಾರೆ, ವಿನಯಾಳೂ ನಗುತ್ತಾಳೆ, ಕುತ್ತಿಗೆಯ ಹಿಂದೆ ಏನೋ ತಣ್ಣಗೆ ಹರಿದಾಡುತ್ತದೆ.

ಈ ವರ್ಷ, ೨೦೧೧ರಲ್ಲಿ, ಬಿಜೂರಿನ ಮನೆಯ ಕಿಟಕಿ ಸಂದಿಯಲ್ಲಿ ಒಂದೇ ತಾಯಿಕಣಜ ಸಾಲಾಗಿ ಮಣ್ಣಿನ ಪುಟ್ಟ ಮಡಕೆಗಳನ್ನು ಕಟ್ಟಿತು, ಕುಟುಕಿ ಮರಗಟ್ಟಿಸಿದ ಹಸಿರು ಹುಳಗಳನ್ನು ಒಳಗೆ ತುರುಕಿತು, ಸತ್ತಿಲ್ಲ, ಅಲ್ಲಾಡುವುದೂ ಇಲ್ಲ, ಮರಿ ಅವನ್ನು ಜೀವಂತ ತಿನ್ನುತ್ತದೆ, ಅವಳು ಬಟ್ಟೆ ಮುಚ್ಚಿ ಕಾದಳು — ಹೊರಬಂದ ಗಂಡುಗಳೆಲ್ಲ ಕೆರಾಡಿಯೆನ್ಸಿಸ್, ಹೆಣ್ಣು ವಿನಯೆ, ಒಂದೇ ತಾಯಿಯ ಮಕ್ಕಳು, ಎರಡು ಜಾತಿ ಎಂಬುದೇ ಸುಳ್ಳು, ನಾಮಕರಣದ ನಿಯಮದಂತೆ ಮೊದಲು ಇಟ್ಟ ಹೆಸರು ಉಳಿಯಬೇಕು, ವಿನಯೆ ಬೀಳಬೇಕು, ಓಹ್, ಬೀಳಲಿ, ಅಷ್ಟು ಹಗುರ ಅವಳಿಗೆ ಎಂದೂ ಆಗಿರಲಿಲ್ಲ, ಕೂತು ಬರೆದು ಸಂಶೋಧನಾ ಪತ್ರಿಕೆಗೆ ಕಳಿಸಿದಳು, ಪತ್ರಿಕೆಯವರು ಅಭಿಪ್ರಾಯ ಕೇಳಿ ಸರ್‌ಗೇ ಕಳಿಸಿದರಂತೆ, ಈಗ ಬ್ರಹ್ಮಾವರದಿಂದ ಫೋನು, ನಿವೃತ್ತಿಯಾದರೂ ಅದೇ ಜೊಲ್ಲು ಸುರಿಯುವ ದನಿ, ಎಂತ ಹೆಣೇ, ನಿನ್ನ ಹೆಸ್ರನ್ನ ನೀನೇ ಅಳ್ಸುಕೆ ಹೊರ್ಟಿದ್ಯಾ, ನಾ ಪ್ರೀತಿಯಂಗೆ ಕೊಟ್ಟದ್ದಲ್ದಾ, ಆ ಲೇಖನ ವಾಪಸ್ ತಕೊ — ಎರ್ಡೂ ಒಂದೇ ಹುಳ ಸರ್, ತಕಣುದಿಲ್ಲ — ಅಮ್ಮಂಗೆ ಬೇಜಾರ್ ಆತಿಲ್ಯಾ — ಅಮ್ಮಂಗೆ ನಾನೇ ಹೇಳ್ತೆ, ಆ ಹೆಸ್ರ್ ಎಂತಕ್ ಇಟ್ರಿ ಅಂದೂ ಹೇಳ್ತೆ. ಆಚೆಯಿಂದ ಫೋನು ಕಟ್ಟಾಯಿತು.

ಗೆದ್ದೆ ಅನಿಸಬೇಕಿತ್ತು, ಆದರೆ ಬಿದ್ದ ಹೆಸರು ಅಳಿಯುವುದಿಲ್ಲವಲ್ಲ, ಕೆರಾಡಿಯೆನ್ಸಿಸ್ ಬರೆದಲ್ಲೆಲ್ಲ ಅದರ ಕೆಳಗೆ ಸಮಾನನಾಮ ಎಂದು ವಿನಯೆ ಜೋತುಬಿದ್ದೇ ಇರುತ್ತದೆ, ಅವಳು ಸತ್ತ ಮೇಲೂ, ವಿನಯೆ ಹೆಸರಿಗೆ ಆಧಾರವಾದ ಮೊದಲ ಮಾದರಿಯ ಚೀಟಿಯನ್ನು ಕೀಳುವಂತೆಯೂ ಇಲ್ಲ, ಅದರ ಕೆಳಗೆ ಹೊಸದನ್ನು ಸಿಕ್ಕಿಸಬಹುದು ಅಷ್ಟೆ, ಸಿಕ್ಕಿಸಿದಳು, ಭೂತಗನ್ನಡಿ ಹಿಡಿದು ಬಗ್ಗಿದಳು, ಹಳೆಯ ಚೀಟಿಯ ಮೂಲೆಯಲ್ಲಿ, ಅವಳ ಹೆಸರಿನ ಮೇಲೆ, ಒಣಗಿ ಹಳದಿಗಟ್ಟಿದ ಎಂಜಲು, ಗೆರೆ ಗೆರೆಯಾಗಿ, ಹೆಬ್ಬೆರಳು —