ಪರವಾಗಿಲ್ಲ ಎನ್ನುವುದಕ್ಕೆ ಗುಂಡಿಯಿಲ್ಲ

ದೇಶ ಆಳುವವರು ತಮ್ಮ ಕೆಲಸವನ್ನು ಹೇಗೆ ಮಾಡುತ್ತಿದ್ದಾರೆ ಎಂದು ಜನರಿಗೆ ಫೋನು ಮಾಡಿ ಕೇಳುವುದು ನಮ್ಮ ಆಫೀಸಿನ ಕಸುಬು. ನಾನು ಕೇಳುವವಳಲ್ಲ, ಕೇಳಿಸಿಕೊಳ್ಳುವವಳು. ಸಾಲಾಗಿ ಕೂತ ಹುಡುಗಿಯರು ಪ್ರಶ್ನೆ ಓದುತ್ತಾರೆ, ಉತ್ತರಕ್ಕೆ ತಕ್ಕ ಗುಂಡಿ ಒತ್ತುತ್ತಾರೆ. ಕೆಲವು ದಿನ ಬಿಟ್ಟು ಆ ಮಾತುಕತೆಯ ರೆಕಾರ್ಡು ನನ್ನ ಕಿವಿಗೆ ಬರುತ್ತದೆ. ಒತ್ತಿದ ಗುಂಡಿ ಸರಿಯೋ ತಪ್ಪೋ ನಾನು ಹೇಳಬೇಕು. ಇರುವುದು ಮೂರೇ ಗುಂಡಿ: ಒಪ್ಪಿಗೆ, ಒಪ್ಪಿಗೆಯಿಲ್ಲ, ಗೊತ್ತಿಲ್ಲ. ದೇಶದ ಮನಸ್ಸೆಲ್ಲ ಆ ಮೂರರಲ್ಲೇ ಮುದುಡಿ ಕೂರಬೇಕು.

ನಮ್ಮ ಜನವೋ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರು. ನಾಯಕರ ಕೆಲಸ ನಿಮಗೆ ಒಪ್ಪಿಗೆಯೇ ಎಂದು ಕೇಳಿದರೆ ಅರ್ಧಕ್ಕರ್ಧ ಜನ "ಪರವಾಗಿಲ್ಲ" ಎನ್ನುತ್ತಾರೆ. ಈ ಒಂದು ಮಾತಿಗಾಗಿ ನಮ್ಮ ಆಫೀಸಿನಲ್ಲಿ ನಡೆದಷ್ಟು ಜಗಳ ಆ ನಾಯಕರ ಸಭೆಯಲ್ಲೂ ನಡೆದಿರಲಿಕ್ಕಿಲ್ಲ. ನಮ್ಮ ಮೇಲಧಿಕಾರಿಗೆ ನಾವಿಟ್ಟ ಹೆಸರು ಶೇಕಡಾ ಸಾರ್. ಟೀ ಕುಡಿದರೂ "ಸಕ್ಕರೆ ಇಪ್ಪತ್ತು ಪರ್ಸೆಂಟ್ ಜಾಸ್ತಿ" ಎನ್ನುವ ಮನುಷ್ಯ.

"ಪರವಾಗಿಲ್ಲ ಅಂದ್ರೆ ಚೆನ್ನಾಗಿದೆ ಅಂತ. ಒಪ್ಪಿಗೆ ಒತ್ತಿ ಮುಂದಕ್ಕೆ ಹೋಗಿ," ಎಂದು ಅವರು ತೀರ್ಪು ಕೊಟ್ಟಿದ್ದರು.

ನಾನು ಸುಮ್ಮನಿರುವ ಪೈಕಿಯವಳಲ್ಲ. "ಸಾರ್, ಯಾರಾದ್ರೂ ನಿಮ್ಮ ಕಾಲು ತುಳಿದು ಸಾರಿ ಅಂದ್ರೆ ಏನಂತೀರಾ?"

"ಪರವಾಗಿಲ್ಲ ಅಂತೀನಿ."

"ಅಂದ್ರೆ ಚೆನ್ನಾಗಿ ತುಳಿದ್ರು ಅಂತಾನಾ?"

ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಅಂದಿನಿಂದ ಎಲ್ಲ ಪರವಾಗಿಲ್ಲಗಳೂ ನನ್ನ ಮೇಜಿಗೇ ಬರತೊಡಗಿದವು. ಕೇಳಿ ಕೇಳಿ ಕಿವಿ ಪಳಗಿತು. ತಟ್ಟನೆ, ದನಿ ಎತ್ತಿ ಅಂದರೆ ಒಪ್ಪಿಗೆ. ಎಳೆದು, ಮೂಗಿನಿಂದ ಅಂದರೆ ಒಪ್ಪಿಗೆಯಿಲ್ಲ. ಇನ್ನೊಂದಿದೆ, ಅದರ ಬಾಲಕ್ಕೆ "ಬಿಡಿ" ಅಂಟಿಕೊಂಡಿರುತ್ತದೆ, ನಡುವೆ ಒಂದು ಉಸಿರು. ಪರವಾಗಿಲ್ಲ... ಬಿಡಿ. ಅದು ನಾಯಕರ ಬಗೆಗಿನ ಮಾತೇ ಅಲ್ಲ. ಏನನ್ನೋ ಕಾದು ಕಾದು, ಅದು ಇನ್ನು ಬರುವುದಿಲ್ಲ ಎಂದು ಗೊತ್ತಾದವರು ಆಡುವ ಮಾತು. ಅದಕ್ಕೆ ನಮ್ಮಲ್ಲಿ ಗುಂಡಿಯಿಲ್ಲ. ಗೊತ್ತಿಲ್ಲ ಎಂದು ಒತ್ತಿ ಕೈತೊಳೆದುಕೊಳ್ಳುತ್ತೇನೆ.

ನಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿರಲಿಲ್ಲ. ಉತ್ತರ ಬೀದಿಗೆಲ್ಲ ಕೇಳಿಸುತ್ತಿತ್ತು. ಅಪ್ಪ ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಅಣ್ಣ ಬಟ್ಟೆ ಕತ್ತರಿಸಿಕೊಡುತ್ತಿದ್ದ, ಅಪ್ಪ ಹೊಲಿಯುತ್ತಿದ್ದರು, ಅಮ್ಮ ಕಾಜಾ ಮಾಡಿ ಗುಂಡಿ ಹಚ್ಚುತ್ತಿದ್ದಳು. ದರ್ಜಿಯ "ನಾಳೆ ಬಾ" ಎನ್ನುವ ಮಾತನ್ನು ನಂಬಿ ಕೆಟ್ಟವರು ಲೋಕದ ತುಂಬ ಇದ್ದಾರೆ. ಆದರೆ ಅಪ್ಪ ನಾಳೆ ಅಂದರೆ ನಾಳೆಯೇ. ಸೊಂಟದ ಅಳತೆಯನ್ನೂ ಇದ್ದದ್ದು ಇದ್ದಂತೆ ಗಟ್ಟಿಯಾಗಿ ಕೂಗಿ ಹೇಳಿ ಎಷ್ಟೋ ಒಳ್ಳೆಯ ಗಿರಾಕಿಗಳನ್ನು ಕಳೆದುಕೊಂಡಿದ್ದರು. ಸುಳ್ಳು ಅವರ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಜೊತೆಗೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟ.

ಕತ್ತರಿಸುವ ಮೇಜಿನ ಮೇಲಿನ ಗೋಡೆಯಲ್ಲಿ ದೇಶದ ನಾಯಕರ ಫೋಟೋ ಇತ್ತು. ಅಪ್ಪ ಅವರನ್ನು "ದೊಡ್ಡೋರು" ಎನ್ನುತ್ತಿದ್ದರು. ಟಿವಿಯಲ್ಲಿ ಆ ದನಿ ಬಂದರೆ ಅಪ್ಪನ ಕಾಲು ಯಂತ್ರ ತುಳಿಯುವುದನ್ನು ನಿಲ್ಲಿಸುತ್ತಿತ್ತು. ಅದೇ ದನಿ ಕೇಳಿದರೆ ಅಣ್ಣನಿಗೆ ಮೈಯೆಲ್ಲ ಉರಿ. ದೊಡ್ಡೋರು ಮಾಡಿದ್ದು ಸರಿ ಎಂದು ಇವರು, ಏನೂ ಮಾಡಿದ್ದೇ ಇಲ್ಲ ಎಂದು ಅವನು. ಜಗಳವೆಲ್ಲ ಊಟದ ತಟ್ಟೆ ಬರುವವರೆಗೆ ಎಂದು ಅಮ್ಮ ನಗುತ್ತಿದ್ದಳು. ಆದರೆ ಬರುಬರುತ್ತಾ ಅದು ತಟ್ಟೆಗೂ ಬಂತು.

ಒಂದು ಬೆಳಿಗ್ಗೆ ಅಣ್ಣ ಫೋಟೋವನ್ನು ಇಳಿಸಿ ಮೇಜಿನ ಕೆಳಗಿಟ್ಟ. ಆ ಮೊಳೆಗೆ ಅಳತೆ ಟೇಪು ನೇತುಹಾಕಿದ.

"ಇದಕ್ಕಾದ್ರೂ ಸುಳ್ಳು ಹೇಳೋಕೆ ಬರಲ್ಲ," ಅಂದ.

ಅಪ್ಪ ತಲೆ ಎತ್ತಲಿಲ್ಲ. "ಅವರನ್ನ ಇಳಿಸಿದೋನು ಈ ಮನೆ ಮೆಟ್ಟಿಲೂ ಇಳೀಲಿ," ಅಂದರು.

ಅಣ್ಣ ಮೇಜಿನ ಮೇಲಿದ್ದ ದೊಡ್ಡ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಳಿದೇ ಬಿಟ್ಟ. ಅಪ್ಪ ಎದ್ದು ಫೋಟೋವನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದರು. ಅಪ್ಪನನ್ನೂ ಮಗನನ್ನೂ ಹೀಗೆ ಬೇರೆ ಮಾಡಿದ ಆ ಮುಖಕ್ಕೆ ನಮ್ಮ ಮನೆ ಇರುವುದು ಯಾವ ದಿಕ್ಕಿನಲ್ಲಿ ಎಂಬುದೂ ಗೊತ್ತಿರಲಿಲ್ಲ. 

ಅಣ್ಣ ದೂರದ ಊರಿನ ಸಿದ್ಧ ಉಡುಪಿನ ಕಾರ್ಖಾನೆ ಸೇರಿದ. ಎರಡು ವರ್ಷ ಬರಲಿಲ್ಲ. ನಡುವೆ ಸಿಕ್ಕಿಕೊಂಡವಳು ಅಮ್ಮ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಅಮ್ಮ ಮುರಿದ ಮನೆ ಹೊಲಿಯಲು ಅಷ್ಟು ಹೇಳಿದಳು. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಣ್ಣನಿಗೆ ಫೋನು ಮಾಡುವಳು. "ನಿನ್ನೆ ಅಪ್ಪ ನಿನ್ನ ಕೇಳಿದ್ರು ಕಣೋ," ಎನ್ನುವಳು. ಹೊರಗೆ ಬಂದು ಅಪ್ಪನಿಗೆ, "ಅವನು ನಿಮ್ಮ ಆರೋಗ್ಯ ವಿಚಾರಿಸಿದ," ಎನ್ನುವಳು. ಅವಳ ಸುಳ್ಳು ಹೊಲಿಗೆ ಬಿಟ್ಟ ಅಂಗಿಯಂತೆ ಇಬ್ಬರಿಗೂ ಕಾಣುತ್ತಿತ್ತು. ಅಪ್ಪ ಬರೀ ಹೂಂ ಎನ್ನುತ್ತಿದ್ದರು. ಅಣ್ಣನ ಹೆಸರು ಮಾತ್ರ ಅವರ ಬಾಯಿಂದ ಬರಲೇ ಇಲ್ಲ.

ಹೀಗಿರುವಾಗ ಒಂದು ದಿನ ಅಪ್ಪ ಯಂತ್ರದ ಮೇಲೇ ತಲೆಯಿಟ್ಟು ಹೋಗಿಬಿಟ್ಟರು. ಒಂದು ತೋಳು ಹಚ್ಚಿದ್ದ ಅಂಗಿ ಸೂಜಿಯ ಕೆಳಗಿತ್ತು.

ಅಣ್ಣ ಬಂದ. ಬಂದವನು ಮೊದಲು ಅಪ್ಪನನ್ನು ನೋಡಿದ, ಆಮೇಲೆ ಗೋಡೆಯನ್ನು. ದೊಡ್ಡೋರು ಅಲ್ಲೇ ಇದ್ದರು, ಧೂಳಿಲ್ಲದೆ. ಎಲ್ಲ ಮುಗಿದು ಮನೆ ಖಾಲಿಯಾದ ಮೇಲೆ ಅಮ್ಮನನ್ನು ಕೇಳಿದ, "ಅಪ್ಪ ನನ್ನ ಬಗ್ಗೆ ಏನಾದ್ರೂ ಅಂದ್ರಾ?"

"ಬಾಯಿ ತುಂಬ ನಿನ್ನ ಹೆಸರೇ ಇತ್ತು ಕಣೋ," ಅಂದಳು ಅಮ್ಮ.

ಅವನು ಹಿತ್ತಲಿಗೆ ಬಂದು ನನ್ನ ಪಕ್ಕ ಕೂತ. "ನೀನಾದ್ರೂ ನಿಜ ಹೇಳೇ. ಅಮ್ಮನ ಥರ ಮಾಡ್ಬೇಡ. ಒಂದು ಸಲನಾದ್ರೂ ಅಂದ್ರಾ?"

ಅಪ್ಪನ ನಾಲಿಗೆಯೇ ನನಗೂ ಬಂದಿದೆ. "ಇಲ್ಲ ಅಣ್ಣ. ಹೆಸರೆತ್ತಲಿಲ್ಲ," ಅಂದೆ.

ಅವನು ತಲೆಯಾಡಿಸಿದ. ಅಷ್ಟು ದೊಡ್ಡವನು ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ಮಾರನೆಯ ದಿನ ಹೊರಟುಹೋದ. ಕತ್ತರಿಯನ್ನು ತಂದೂ ಇರಲಿಲ್ಲ, ಕೇಳುವ ಧೈರ್ಯವೂ ನಮಗಿರಲಿಲ್ಲ.

ನಾನು ಕೆಲಸಕ್ಕೆ ಮರಳಿದ ದಿನ ಮೇಜಿನ ಮೇಲೆ ಪರವಾಗಿಲ್ಲಗಳ ರಾಶಿ ಬಿದ್ದಿತ್ತು. ಒಂದೊಂದನ್ನೇ ಕಿವಿಗೆ ಹಾಕಿಕೊಳ್ಳುತ್ತಾ ಹೋದೆ. ಒಂದು ಕರೆಯಲ್ಲಿ ಮೊದಲು ದನಿಯಿಲ್ಲ, ಬರೀ ಟಕಟಕ. ಹೊಲಿಗೆ ಯಂತ್ರ. ಆಮೇಲೆ ಒಂದು ಕೆಮ್ಮು. ಆ ಕೆಮ್ಮು ಕೇಳಿದ್ದೇ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡೆ.

"ಹೇಳಮ್ಮ," ಅಂದರು ಅಪ್ಪ.

ಅವರು ಹೋಗುವ ಹಿಂದಿನ ದಿನದ ಕರೆ. ಯಾವ ಮನೆಗೆ ಕರೆ ಹೋಗಬೇಕೆಂದು ಆರಿಸುವುದು ಕಂಪ್ಯೂಟರು, ಅದಕ್ಕೆ ಯಾರ ಅಪ್ಪ ಆದರೇನು? ಕೇಳಿದವಳು ನಮ್ಮ ಹೊಸ ಹುಡುಗಿ. ನನಗಿಂತ ಎರಡು ಸಾಲು ಮುಂದೆ ಕೂರುತ್ತಾಳೆ. ಅವಳು ಅಪ್ಪನ ಜೊತೆ ಮಾತಾಡುತ್ತಿದ್ದಾಗ ನಾನು ಅವಳ ಜಡೆಯನ್ನು ನೋಡುತ್ತಾ ಕೂತಿದ್ದಿರಬೇಕು.

"ದೇಶದ ನಾಯಕರು ಕೆಲಸ ಮಾಡ್ತಿರೋ ರೀತಿ ನಿಮಗೆ ಒಪ್ಪಿಗೆನಾ ಸಾರ್, ಇಲ್ವಾ?"

ಟಕಟಕ ನಿಂತಿತು. ದೊಡ್ಡೋರ ಬಗ್ಗೆ ಈಗ ಒಂದು ಭಾಷಣವೇ ಬರುತ್ತದೆ ಎಂದುಕೊಂಡೆ.

"ಪರವಾಗಿಲ್ಲ... ಬಿಡಮ್ಮ," ಅಂದರು.

ಹುಡುಗಿಗೆ ಅದು ತಿಳಿಯಲಿಲ್ಲ, ಒಪ್ಪಿಗೆ ಒತ್ತಿ ಮುಂದಕ್ಕೆ ಹೋದಳು. "ಈಗ ನಿಮ್ಮ ಮನೆ ಬಗ್ಗೆ ಸಾರ್. ಎಷ್ಟು ಜನ ಇದೀರಾ?"

"ನಾಲ್ಕು."

"ನಾಲ್ಕೂ ಜನ ಈಗ ಅದೇ ಮನೇಲಿ ವಾಸ ಇದೀರಾ?"

"ಮೂರು ಜನ ಇದೀವಿ. ಒಬ್ಬ ಹೊರಗಡೆ ಹೋಗಿದಾನೆ."

"ಹೋಗಿ ಎಷ್ಟು ದಿನ ಆಯ್ತು ಸಾರ್? ಆರು ತಿಂಗಳ ಮೇಲಾಗಿದ್ರೆ ಲೆಕ್ಕಕ್ಕೆ ಬರಲ್ಲ. ಮೂರು ಅಂತಲೇ ಹಾಕ್ಬೇಕು."

ಟಕಟಕ ಮತ್ತೆ ಶುರುವಾಗಿ ನಿಂತಿತು. ಹುಡುಗಿ "ಸಾರ್? ಲೈನಲ್ಲಿದೀರಾ?" ಎಂದಳು.

"ಇಲ್ಲಮ್ಮ, ಈಗ ತಾನೆ ಹೋದ. ಕತ್ತರಿ ಸಾಣೆ ಹಿಡಿಸ್ಕೊಂಡು ಬರೋಕೆ ಹೋಗಿದಾನೆ. ಬರ್ತಾನೆ. ನೀನು ನಾಲ್ಕೇ ಬರ್ಕೋ."

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಿದ್ದ ಮನುಷ್ಯ ಕೊನೆಗೆ ನಾಲ್ಕು ಎಂದಿದ್ದರು. ಅದೂ ಜೀವಮಾನದ ಒಂದೇ ಒಂದು ಸುಳ್ಳು ಹೇಳಿ, ಮುಖ ಕಾಣದ ಹುಡುಗಿಯ ಹತ್ತಿರ. ಅದೇ ಮಾತನ್ನು ಹೊರಗಿನ ಅಂಗಡಿಯಿಂದ ಒಳಗಿನ ಅಡುಗೆಮನೆಗೆ ಕೂಗಿ ಹೇಳಿದ್ದರೆ ಏನಾಗುತ್ತಿತ್ತು? ನನಗೆ ದುಃಖದ ಜೊತೆಗೇ ಸಿಟ್ಟು ಬಂತು. ಅಷ್ಟು ಹತ್ತಿರವಿದ್ದ ನಮಗೆ ಯಾಕೆ ಹೇಳಲಿಲ್ಲ ಅಪ್ಪ?

ಅಣ್ಣ ಇದನ್ನು ಕೇಳಲೇಬೇಕು. ಬೇರೆ ಯಾವ ಯೋಚನೆಯೂ ನನಗೆ ಬರಲಿಲ್ಲ. ನಮ್ಮ ಮೊಬೈಲುಗಳನ್ನು ಬಾಗಿಲಲ್ಲೇ ತೆಗೆದಿಡಿಸಿಕೊಳ್ಳುತ್ತಾರೆ, ರೆಕಾರ್ಡು ಹೊರಗೆ ಹೋಗುವ ದಾರಿಯೇ ಇಲ್ಲ. ಬುದ್ಧಿ ಇದ್ದವಳಾಗಿದ್ದರೆ ಬಾಯಿಮುಚ್ಚಿಕೊಂಡು ಏನಾದರೂ ಉಪಾಯ ಹುಡುಕುತ್ತಿದ್ದೆ. ನಾನು ನೆಟ್ಟಗೆ ಶೇಕಡಾ ಸಾರ್ ಎದುರು ನಿಂತು ಇದ್ದದ್ದನ್ನು ಇದ್ದಂತೆ ಹೇಳಿದೆ.

"ಇದು ನಮ್ಮಪ್ಪನ ದನಿ ಸಾರ್. ನಮ್ಮಣ್ಣ ಒಂದೇ ಒಂದು ಸಲ ಇಲ್ಲಿ ಕೂತು ಕೇಳಿಸ್ಕೊಂಡ್ರೆ ಸಾಕು. ಬಸ್ಸು ಹತ್ತಿದ್ರೆ ನಾಳೆ ಬರ್ತಾನೆ."

ಅವರು ಕನ್ನಡಕ ತೆಗೆದರು. ಎಂದೂ ಇಲ್ಲದ ಹಾಗೆ ಮೆತ್ತಗೆ ಮಾತಾಡಿದರು. "ಇಲ್ಲಿ ಕೆಲಸ ಮಾಡೋರ ಮನೆಯವರ ಉತ್ತರ ತಗೊಳ್ಳೋ ಹಾಗಿಲ್ಲಮ್ಮ. ಗೊತ್ತಾದ ಕೂಡಲೇ ಅಳಿಸ್ಬೇಕು. ನಿಂಗೆ ಗೊತ್ತಿರೋದೇ ಅಲ್ವಾ?"

ಗೊತ್ತಿತ್ತು. ಆ ನಿಯಮವನ್ನು ಎಷ್ಟೋ ಸಲ ಹುಡುಗಿಯರಿಗೆ ನಾನೇ ಓದಿ ಹೇಳಿದ್ದೆ. ಅಪ್ಪನ ದನಿ ಕೇಳಿದ ಮೇಲೆ ನೆನಪಿಗೇ ಬರಲಿಲ್ಲ.

"ಬೇರೆಯವರಿಗೆ ಕೇಳಿಸ್ಬೇಕು ಅಂದ್ರೆ ಉತ್ತರ ಕೊಟ್ಟವರೇ ಒಪ್ಪಿಗೆ ಕೊಡ್ಬೇಕು..." ಎಂದು ಶುರುಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. ನನ್ನ ಮುಖ ನೋಡಲಿಲ್ಲ. "ನೀನು ನಂಗೆ ಹೇಳ್ಬಾರ್ದಿತ್ತು ಕಣಮ್ಮ. ನನ್ನ ತಲೆ ಮೇಲೂ ಅಧಿಕಾರಿಗಳು ಇದಾರೆ."

"ಒಂದು ದಿನ ಸಾರ್. ಒಂದೇ ದಿನ."

"ಇನ್ನೊಂದ್ಸಲ ಕೇಳಿಸ್ಕೋ ಹೋಗು. ಆಮೇಲೆ ನಾನೇ ಅಳಿಸ್ತೀನಿ. ಆ ಗುಂಡಿ ನೀನು ಒತ್ತೋದು ಬೇಡ."

ಅವರು ಕಿಟಕಿಯ ಕಡೆ ತಿರುಗಿ ನಿಂತರು. ನಾನು ಕೇಳಿದೆ. ಟಕಟಕ, ಕೆಮ್ಮು, ಪರವಾಗಿಲ್ಲ... ಬಿಡಮ್ಮ. ನೀನು ನಾಲ್ಕೇ ಬರ್ಕೋ. ಒಂದೊಂದು ಅಕ್ಷರವನ್ನೂ ಬಾಯಿಪಾಠ ಮಾಡಿಕೊಂಡೆ. ಮುಗಿದ ಮೇಲೆ ಅವರು ಬಂದು ಬಗ್ಗಿ ಗುಂಡಿ ಒತ್ತಿದರು. ದೇಶದ ಲೆಕ್ಕದಿಂದ ಅಪ್ಪನೂ ಹೋದರು, ಅಪ್ಪನ ನಾಲ್ಕೂ ಹೋಯಿತು.

ಬಾಗಿಲಲ್ಲಿ ಮೊಬೈಲು ಇಸಿದುಕೊಂಡು ಮೆಟ್ಟಿಲ ಮೇಲೆ ಕೂತು ಅಣ್ಣನಿಗೆ ಫೋನು ಮಾಡಿದೆ. ಅವನ ಹಿಂದೆ ಕಾರ್ಖಾನೆಯ ನೂರಾರು ಯಂತ್ರಗಳ ಸದ್ದು. ಒಂದಕ್ಷರವೂ ತಪ್ಪದಂತೆ ಎಲ್ಲ ಹೇಳಿದೆ. ನಾಲ್ಕು ಜನ. ಒಬ್ಬ ಹೊರಗಡೆ ಹೋಗಿದಾನೆ. ಕತ್ತರಿ ಸಾಣೆ. ಬರ್ತಾನೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಅವನೂ ಅಳುತ್ತಾನೆ, ಇಬ್ಬರೂ ಅತ್ತು ಹಗುರಾಗುತ್ತೇವೆ ಎಂದುಕೊಂಡಿದ್ದೆ.

ಅವನು ಅಳಲಿಲ್ಲ. "ಕೇಳಿಸು," ಅಂದ.

"ಅಳಿಸಿಬಿಟ್ರು ಅಣ್ಣ. ಈಗ ತಾನೆ."

"ಈಗ ತಾನೆ." ಸಣ್ಣಗೆ ನಕ್ಕ. "ಅಮ್ಮ ಹೇಳ್ಕೊಟ್ಲಾ?"

"ನನ್ನಾಣೆ ಅಣ್ಣ. ಅಮ್ಮನಿಗೆ ಇನ್ನೂ ಗೊತ್ತೇ ಇಲ್ಲ."

"ಅವತ್ತು ಹಿತ್ತಲಲ್ಲಿ ಕೇಳಿದ್ದಕ್ಕೆ ಹೆಸರೇ ಎತ್ತಲಿಲ್ಲ ಅಂದೆ. ಕಷ್ಟ ಆಯ್ತು, ಆದ್ರೂ ನಂಬಿದೆ. ಯಾಕಂದ್ರೆ ನೀನು ಅಪ್ಪನ ಥರ. ಈಗ ಯಾಕೆ ಹಿಂಗೆ? ಅಮ್ಮ ನಾನು ಊಟ ಬಿಟ್ಟಿದೀನಿ ಅಂದ್ಲಾ?"

"ಅಣ್ಣ, ಕತ್ತರಿ ಸಾಣೆ ಹಿಡಿಸೋಕೆ ಅಂದ್ರು. ಅದನ್ನ ನಾನು ಹೇಗೆ ಕಟ್ಲಿ?"

"ಅಲ್ಲೇ ಸಿಕ್ಕಿಹಾಕ್ಕೊಂಡೆ ನೋಡು. ಈಗ ತಾನೆ ಹೋದ ಅಂತ ಅಪ್ಪ ಸುಳ್ಳು ಹೇಳಿದ್ರಾ? ನಮ್ಮಪ್ಪ? ಗಿರಾಕಿ ಓಡಿಹೋದ್ರೂ ಒಂದಿಂಚು ಕಮ್ಮಿ ಹೇಳಿದೋರಲ್ಲ. ಕತೆ ಹೊಲಿಯೋ ಮುಂಚೆ ಅಳತೆ ತಗೋಬೇಕಿತ್ತು ಕಣೇ."

ಆ ಸುಳ್ಳು ನಿನಗಾಗಿಯೇ ಹುಟ್ಟಿದ್ದು ಅಣ್ಣ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆ ಯಾರೋ ಅವನನ್ನು ಕೆಲಸಕ್ಕೆ ಕರೆದರು. ಬಂದೆ ಎಂದು ಅವರಿಗೆ ಕೂಗಿದ. ಆಮೇಲೆ ನನ್ನ ಜೊತೆ ಮೆತ್ತಗೆ, ಚಿಕ್ಕಂದಿನಲ್ಲಿ ಬಿದ್ದು ಮಂಡಿ ತರಚಿಕೊಂಡಾಗ ಮಾತಾಡಿಸುತ್ತಿದ್ದನಲ್ಲ, ಹಾಗೆ ಮಾತಾಡಿದ.

"ಅಳಬೇಡ. ನನ್ನ ಸಮಾಧಾನಕ್ಕೆ ಅಂತ ಹೇಳ್ದೆ, ಗೊತ್ತು ನಂಗೆ. ಪರವಾಗಿಲ್ಲ... ಬಿಡೇ."

ನಡುವೆ ಒಂದು ಉಸಿರಿತ್ತು. ಅದು ಅಪ್ಪನದೇ ದನಿ, ಆ ಬೆಳಿಗ್ಗೆ ನಾನು ಅದನ್ನು ಎರಡು ಸಲ ಕೇಳಿದ್ದೆ.