ಒಂದು ಹೆಸರು ಹೆಚ್ಚು

ನಮ್ಮ ಬಣ್ಣದ ಕಾರ್ಖಾನೆಯ ಗೋದಾಮು, ತೂಕ, ಬಿಲ್ಲು ಎಲ್ಲವೂ ನಡೆಯುವುದು ಒಂದೇ ಸಾಫ್ಟ್‌ವೇರಿನಲ್ಲಿ. ಅದನ್ನು ತೆರೆಯಲು ಒಬ್ಬೊಬ್ಬರಿಗೂ ಒಂದೊಂದು ಹೆಸರು, ಹೆಸರಿಗಿಷ್ಟು ಎಂದು ವರ್ಷವರ್ಷವೂ ಲೈಸೆನ್ಸ್ ಶುಲ್ಕ. ಈ ಸಲ ಸಾಫ್ಟ್‌ವೇರ್ ಕಂಪನಿಯವರು ಅದನ್ನು ಏಕಾಏಕಿ ದುಪ್ಪಟ್ಟು ಮಾಡಿದರು. ಕೇಳಿದರೆ ಹೊಸ ಸೌಲಭ್ಯ ಕೊಟ್ಟಿದ್ದೇವೆ ಎಂದರು. ಆ ಸೌಲಭ್ಯ ಯಾವುದೆಂದು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನನಗೇ ಇನ್ನೂ ಪತ್ತೆಯಾಗಿಲ್ಲ.

"ನಲವತ್ತು ಹೆಸರು ಸಾಕು. ಮೂರು ತಿಂಗಳಿಂದ ತೆರೆಯದೆ ಇರೋರನ್ನ ತೆಗೆದುಬಿಡಿ," ಎಂದರು ಯಜಮಾನರು.

ತೆಗೆದೆ, ತೂಕದಕ್ಕನ ಹೆಸರೊಂದನ್ನು ಬಿಟ್ಟು. ಗೇಟಿನ ಬಳಿ ಲಾರಿ ತೂಗಿಸುವವರು ಅವರು. ಅವರ ಕಂಪ್ಯೂಟರ್ ಕೆಟ್ಟು ಮೂರು ತಿಂಗಳ ಮೇಲಾಗಿತ್ತು. ಇವತ್ತು ನಾಳೆ ಎಂದು ರಿಪೇರಿಯನ್ನು ತಳ್ಳುತ್ತ ಬಂದ ಮಹಾಶಯ ನಾನೇ. ಪಾಪ, ಅಕ್ಕ ಎಲ್ಲವನ್ನೂ ಕೈಯಲ್ಲಿ ಬರೆದು ಕಳಿಸುತ್ತಿದ್ದರು.

"ಹೆಸರು ಹೋದ್ರೆ ಕೆಲಸಾನೂ ಹೋದ ಹಾಗೇ ಅಲ್ವೇನಪ್ಪಾ?" ಎಂದು ಅವರು ಕೇಳಿದಾಗ ನನಗೆ ನಾಚಿಕೆಯಾಯಿತು. ತೂಕದ ಕೆಲಸವನ್ನು ಹೊರಗಿನವರಿಗೆ ವಹಿಸುವ ಯೋಚನೆ ಯಜಮಾನರಿಗೆ ಮೊದಲಿಂದಲೂ ಇತ್ತು.

ಉಳಿದದ್ದು ನಲವತ್ತೊಂದು. ಅಕ್ಕನ ಬದಲು ಯಾರ ಹೆಸರು ತೆಗೆಯಲಿ ಎಂದು ಪಟ್ಟಿ ಹಿಡಿದು ಕೂತೆ. ಅದರಲ್ಲಿ ದೊಡ್ಡ ಯಜಮಾನರ ಹೆಸರಿತ್ತು, ಅಂದರೆ ಈಗಿನವರ ತಂದೆಯದು. ಅವರು ತೀರಿಕೊಂಡು ನಾಲ್ಕು ವರ್ಷವಾಗಿದೆ. ಆದರೂ ಆ ಹೆಸರು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ತೆರೆದುಕೊಳ್ಳುತ್ತಿತ್ತು. ಸತ್ತವರ ಹೆಸರಲ್ಲಿ ಯಾರೋ ಆಟ ಆಡುತ್ತಿದ್ದಾರೆ ಎಂದು ನನಗೆ ಪಿತ್ತ ನೆತ್ತಿಗೇರಿತು. ಯಾವ ಕಂಪ್ಯೂಟರಿನಿಂದ ಎಂದು ಹುಡುಕಿದರೆ, ಯಜಮಾನರ ಕೋಣೆಯದು.

ಹೋಗಿ ಕೇಳಿದೆ. ಅವರು ಮುಚ್ಚಿಡಲಿಲ್ಲ.

"ತೆರೆದ ತಕ್ಷಣ ಅಪ್ಪನ ಹೆಸರು ಹಿಡಿದು ಸ್ವಾಗತ ಅಂತ ಬರುತ್ತಲ್ಲ, ಅದಕ್ಕೆ. ಕೆಲಸ ಎಲ್ಲ ಅದರಲ್ಲೇ ಮಾಡ್ತೀನಿ. ಬೇಕಾದ್ರೆ ನನ್ನ ಹೆಸರು ತೆಗೀರಿ."

ಯಜಮಾನರ ಹೆಸರಿಗೆ ಕೈ ಹಾಕುವುದುಂಟೇ ಎಂದು ಅದು ಕೊನೆಗೆ ತೆರೆದದ್ದು ಯಾವಾಗ ಎಂದು ನಾನು ನೋಡಿಯೇ ಇರಲಿಲ್ಲ. ಸಿಟ್ಟೆಲ್ಲ ಇಳಿದುಹೋಯಿತು. ಆದರೂ ಹೇಳದೆ ವಿಧಿಯಿರಲಿಲ್ಲ.

"ಸಾಫ್ಟ್‌ವೇರ್ ಕಂಪನಿಯವರು ತಪಾಸಣೆಗೆ ಬರ್ತಾರೆ ಸಾರ್. ಹೆಸರಿನವರೇ ಅದನ್ನ ಬಳಸ್ತಿರಬೇಕು, ಅದು ಕರಾರು. ದೊಡ್ಡವರ ಹೆಸರು ಉಳಿಸೋಕಾಗಲ್ಲ. ತೂಕದಕ್ಕ ಇದ್ದಾರೆ, ದಿನಾ ಬರ್ತಾರೆ. ಅವರದು ಉಳಿಸಬಹುದು."

ಯಜಮಾನರು ಕುರ್ಚಿ ಬಿಟ್ಟು ಎದ್ದರು.

"ಅಕ್ಕಂದು ಇರಲಿ. ಇದನ್ನ ನೀವೇ ತೆಗೆದುಬಿಡಿ. ನನ್ನ ಕೈಲಾಗಲ್ಲ."

ಅವರ ಕುರ್ಚಿಯಲ್ಲಿ ಕೂತು ತೆಗೆದೆ. ಒಂದು ಸಲ ಒತ್ತಿದ್ದಕ್ಕೇ ಹೋಯಿತು. ತೆರೆಯ ಮೇಲೆ ಹೆಸರು ಕೇಳುವ ಖಾಲಿ ಜಾಗ ಬಂದು ನಿಂತಿತು.

ಯಜಮಾನರು ಬಗ್ಗಿ ಒಂದೇ ಬೆರಳಲ್ಲಿ ತಮ್ಮ ಹೆಸರು ಟೈಪ್ ಮಾಡಿದರು. ಅಲ್ಲಿಗೇ ಬೆರಳು ನಿಂತಿತು.

"ನನ್ನ ಪಾಸ್‌ವರ್ಡ್ ಏನು?" ಎಂದು ನನ್ನನ್ನು ಕೇಳಿದರು. "ಇಲ್ಲೀತನಕ ಬೇಕೇ ಆಗಿರಲಿಲ್ಲ."