ನೀಲಕ್ಕ ಆರಿಸಿದ ಗಾಡಿ

ನಾನು ಒಂದು ಸಣ್ಣ ಕಾರು. ಮೊಂಡು ಮೂಗು, ಇಟ್ಟಿಗೆಯ ಬಣ್ಣ. ಉತ್ತರದ ಕಡೆಯ ಯಾವುದೋ ಕಾರ್ಖಾನೆಯಲ್ಲಿ ಬರೀ ತಗಡಿನ ಹಾಳೆಯಾಗಿದ್ದ ನನ್ನನ್ನು ಒತ್ತಿ, ಬಗ್ಗಿಸಿ, ಬೆಸೆದು, ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ಎತ್ತಿದರು. ಕೊನೆಗೆ ಎಂಜಿನ್ ಕೂರಿಸಿದಾಗ ಮೈಯೆಲ್ಲ ನಡುಗಿತು. ಅದೇ ನನ್ನ ಮೊದಲ ಉಸಿರು.

ಲಾರಿಯ ಬೆನ್ನೇರಿ ಬಂದ ನನ್ನನ್ನು ಧಾರವಾಡದ ಹಲ್ಲಿನ ಡಾಕ್ಟರು ಇನಾಮದಾರರು ಕೊಂಡರು. ರೋಗಿಗಳ ಹಲ್ಲಿಗಿಂತ ನನ್ನನ್ನೇ ಹೆಚ್ಚು ತಿಕ್ಕುತ್ತಿದ್ದರು. ಅವರು ಮಗಳ ಊರಿಗೆ ಹೋಗಿ ನೆಲೆಸಿದಾಗ ನಾನು ಒಬ್ಬ ಕಟ್ಟಡದ ಗುತ್ತಿಗೆದಾರನ ಪಾಲಾದೆ. ಹಿಂದಿನ ಸೀಟಿನ ಮೇಲೆ ಸಿಮೆಂಟು ಚೀಲ, ಕಾಲಡಿಯಲ್ಲಿ ಬಣ್ಣದ ಡಬ್ಬಿ. ಒಂದು ದಿನ ಗೇಟಿನ ಕಂಬಕ್ಕೆ ತಾಗಿಸಿ ನನ್ನ ಎಡಬಾಗಿಲನ್ನು ನೆಗ್ಗಿಸಿದ. ವ್ಯಾಪಾರ ಕುದುರಿದ ಮೇಲೆ ದೊಡ್ಡ ಗಾಡಿ ತಂದು, ನನ್ನನ್ನು ಹುಬ್ಬಳ್ಳಿಯ ಹೊರಗೆ ಹಳೆ ಗಾಡಿ ಮಾರುವ ಮಹಾಂತೇಶನ ಅಂಗಳದಲ್ಲಿ ಬಿಟ್ಟುಹೋದ.

ಮಹಾಂತೇಶ ನೆಗ್ಗಿದ ಬದಿ ಗೋಡೆಗೆ ಬರುವಂತೆ ನನ್ನನ್ನು ಮೂಲೆಗೆ ನಿಲ್ಲಿಸಿದ. ಬಂದವರೆಲ್ಲ ಮುಂದಿನ ಸಾಲಿನ ಮಿರುಗುವ ಗಾಡಿಗಳ ಸುತ್ತಲೇ ಸುಳಿದಾಡುತ್ತಿದ್ದರು. ಮೂಲೆಯ ತನಕ ಯಾರೂ ಬರುತ್ತಿರಲಿಲ್ಲ.

ಅಂಥ ಒಂದು ಬೆಳಿಗ್ಗೆ ನೀಲಕ್ಕ ಬಂದಳು. ಐವತ್ತರ ಹತ್ತಿರದ ಹೆಂಗಸು, ಮನೆಯಲ್ಲೇ ಬ್ಲೌಸು ಹೊಲಿಯುವವಳು. ಲೈಸೆನ್ಸು ಕೈಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅವಳ ಕೈ ಹಿಡಿದು ಬಂದವನು ಗಂಡ ಫಕ್ಕೀರಪ್ಪ. ಅಂಕೋಲಾ ಮಾರ್ಗದಲ್ಲಿ ವರ್ಷಾನುಗಟ್ಟಲೆ ಸರ್ಕಾರಿ ಬಸ್ಸು ಓಡಿಸಿದ್ದ ಅವನ ಕಣ್ಣುಗಳು ಈಚೆಗೆ ರೋಗ ಬಂದು ಪೂರ್ತಿ ಹೋಗಿದ್ದವು. ಅಂದಿನಿಂದ ಅವನು ಬಸ್ಸು ಹತ್ತಿರಲಿಲ್ಲ. "ನಾ ಹೊಡದ ಗಾಡಿಗೆ ನನ್ನ ರಟ್ಟಿ ಹಿಡಿದು ಹತ್ತಸ್ತಾರ. ನಾ ಒಲ್ಲೆ" ಎಂದು ಮನೆಮುಂದಿನ ಕಟ್ಟೆಯ ಮೇಲೆ ಕೂತವನು ಅಲ್ಲಿಂದ ಏಳುತ್ತಲೇ ಇರಲಿಲ್ಲ. ಅವನನ್ನು ಕಟ್ಟೆಯಿಂದ ಎಬ್ಬಿಸಲೆಂದೇ ನೀಲಕ್ಕ ಡ್ರೈವಿಂಗ್ ಕಲಿತಿದ್ದಳು. ಇದೆಲ್ಲ ನನಗೆ ಆಮೇಲೆ, ನನ್ನೊಳಗೆ ಕೂತು ಅವರು ಆಡಿದ ಮಾತಿನಿಂದ ತಿಳಿಯಿತು.

ಮಹಾಂತೇಶ ಅವರನ್ನು ಬಿಳಿಯ ದೊಡ್ಡ ಗಾಡಿಯೊಂದರ ಬಳಿಗೆ ಕರೆದೊಯ್ದ. "ಕಾಕಾರ, ಇದರಾಗ ಕುಂತ್ರ ಬಸ್ಸಿನಾಗ ಕುಂತಂಗ ಆಗತೈತ್ರಿ."

ಫಕ್ಕೀರಪ್ಪ ಒಳಗೆ ಕೂತು ಸೀಟು ಸವರಿದ. ಅವನ ಮುಖ ಅರಳಿತು. "ಇದ ಇರ್ಲಿ, ನೀಲಾ. ಗಾಡಿ ಅಂದ್ರ ಇದು."

ನೀಲಕ್ಕ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. "ತಮ್ಮಾ, ಇದು ಬಿಸಿ ಐತೆಲ್ಲ?"

"ನೀವು ಬರೂ ಮುಂಚೆ ಸ್ವಲ್ಪ ಚಾಲೂ ಇಟ್ಟಿದ್ನಿರಿ."

"ತಣ್ಣಗಿದ್ದಾಗ ಹೆಂಗ ಚಾಲೂ ಆಗತೈತಿ ಅಂತ ನೋಡಬೇಕಿತ್ತು." ಅವಳು ಸ್ಟಿಯರಿಂಗ್ ಮುಂದೆ ಕೂತಳು. ಕ್ಲಚ್ಚಿಗೆ ಕಾಲು ಪೂರ್ತಿ ಮುಟ್ಟಲಿಲ್ಲ, ಗಾಡಿಯ ಮೂಗಿನ ತುದಿ ಕಣ್ಣಿಗೆ ಬೀಳಲಿಲ್ಲ. ಸುಮ್ಮನೆ ಇಳಿದು ಸಾಲಿನ ಉದ್ದಕ್ಕೂ ನಡೆದು ಬಂದಳು. ಬಂದು ನನ್ನೆದುರು ನಿಂತಳು.

ಬಾನೆಟ್ಟು ಮುಟ್ಟಿದಳು. ನಾನು ಕಲ್ಲಿನಂತೆ ತಣ್ಣಗಿದ್ದೆ. ಬದಿಗೆ ನುಸುಳಿ ಗೋಡೆಗೂ ನನಗೂ ನಡುವೆ ಇಣುಕಿದಳು. "ಇದನ್ನ ಯಾಕ ಮುಚ್ಚಿಟ್ಟೀರಿ?"

ಮಹಾಂತೇಶ ತಲೆ ಕೆರೆದುಕೊಂಡ. "ಕಂಬಕ್ಕ ಬಡದೈತ್ರಿ ಅಕ್ಕಾರ. ಬಾಗಿಲಾ ಛಲೋ ಹಾಕ್ಕೋತೈತಿ."

ಅವಳು ನನ್ನನ್ನು ಗೋಡೆಯಿಂದ ಈಚೆಗೆ ತಳ್ಳಿಸಿ ಆ ಬಾಗಿಲನ್ನು ತೆರೆದು ಮುಚ್ಚಿದಳು, ಮತ್ತೆ ತೆರೆದು ಮುಚ್ಚಿದಳು. ಸುತ್ತಿ ಬಂದು ಸ್ಟಿಯರಿಂಗ್ ಮುಂದೆ ಕೂತಳು. ಹೊಲಿಗೆ ಮಷೀನಿನ ಪೆಡಲಿಗೆ ಒಗ್ಗಿದ ಕಾಲು ಕ್ಲಚ್ಚಿನ ಮೇಲೆ ಮೆತ್ತಗೆ ಇಳಿಯಿತು. ಕೀಲಿ ತಿರುಗಿಸಿದಳು. ವಾರಗಟ್ಟಲೆ ಮಲಗಿದ್ದ ನಾನು ಒಮ್ಮೆ ಕೆಮ್ಮಿ ಎದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಮನಸ್ಸಿಟ್ಟು ಎಂದೂ ಚಾಲೂ ಆದವನಲ್ಲ.

ಫಕ್ಕೀರಪ್ಪ ನನ್ನ ತಲೆಯನ್ನು ತಡವಿ ನೋಡಿದ. "ಇದು ಗಾಡಿ ಏನು, ಡಬ್ಬಿ. ಮಂದಿ ನಗ್ತಾರ."

"ನಗ್ಲಿ. ಹೊಡಿಯಾಕಿ ನಾ ಅದೀನ್ರಿ" ಎಂದಳು ನೀಲಕ್ಕ.

ದನಿ ಏರಿಸಲಿಲ್ಲ. ಮರುದಿನ ಅವಳು ಗುರುತಿನ ಮೆಕ್ಯಾನಿಕ್ಕನನ್ನು ಕರೆತಂದು ನನ್ನ ಹೊಟ್ಟೆಯಡಿ ಮಲಗಿಸಿದಳು. ಕಾಗದಪತ್ರದ ಹೆಸರು, ಎಂಜಿನ್ನಿನ ನಂಬರು ತಾಳೆ ನೋಡಿದಳು. ಆಮೇಲೆಯೇ ಹೂಂ ಅಂದದ್ದು.

ಮೊದಲ ತಿಂಗಳು ನನಗೂ ನೀಲಕ್ಕನಿಗೂ ಕಷ್ಟವಾಯಿತು. ಸಿಗ್ನಲ್ಲಿನಲ್ಲಿ ನಾನು ಜರ್ಕು ಹೊಡೆದು ನಿಂತುಬಿಡುತ್ತಿದ್ದೆ. ಹಿಂದಿನವರು ಹಾರ್ನು ಬಾರಿಸುತ್ತಿದ್ದರು. ಪಕ್ಕದ ಸೀಟಿನಲ್ಲಿ ಫಕ್ಕೀರಪ್ಪ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದ. ನೀಲಕ್ಕ ಹಣೆಯ ಬೆವರು ಒರೆಸಿ ಮತ್ತೆ ಕೀಲಿ ತಿರುಗಿಸುತ್ತಿದ್ದಳು.

ಚಳಿಗಾಲ ಬಂತು. "ಸಮುದ್ರಕ್ಕ ಹೋಗೂಣು" ಎಂದಳು. ಅಂಕೋಲಾಕ್ಕೆ ಹೋಗಬೇಕೆಂದರೆ ಅರಬೈಲ್ ಘಟ್ಟ ಇಳಿಯಬೇಕು. ಫಕ್ಕೀರಪ್ಪ ಬೇಡವೆಂದ. ಕೋಪದಿಂದಲ್ಲ, ಹೆದರಿ. ಆದರೂ ಹೊರಟೆವು.

ಘಟ್ಟದಲ್ಲಿ ಅವನು ನೆನಪಿನಿಂದ ದಾರಿ ಹೇಳತೊಡಗಿದ. "ಈಗ ಬಲಕ್ಕ ಗಕ್ಕನ ತಿರುವು ಬರತೈತಿ, ಗೇರು ಇಳಸು."

"ರಸ್ತೆ ಅಗಲ ಮಾಡ್ಯಾರ್ರಿ. ನಿಮ್ಮ ತಿರುವು ಈಗ ಅಲ್ಲಿಲ್ಲ. ನಾ ನೋಡಾಕತ್ತೀನಿ, ನೀವು ಸುಮ್ಮ ಕುಂದರ್ರಿ."

ಅವನು ಬಾಗಿಲ ಹಿಡಿಕೆ ಬಿಟ್ಟು ಕೈಗಳನ್ನು ಮಡಿಲಲ್ಲಿಟ್ಟುಕೊಂಡ. ಆ ಸಂಜೆ ಪ್ಯಾಂಟು ಮಡಚಿ ನೀರಿನಲ್ಲಿ ನಿಂತವನು ಕತ್ತಲಾಗುವ ತನಕ ದಡಕ್ಕೆ ಬರಲು ಒಪ್ಪಲಿಲ್ಲ.

ನಿಜವಾದ ಪರೀಕ್ಷೆ ಮರುದಿನ, ಏರುವಾಗ. ಮುಂದೆ ಲಾರಿಯೊಂದು ಕೆಟ್ಟು ನಿಂತು, ಗಾಡಿಗಳ ಸಾಲು ಏರಿನಲ್ಲೇ ಜಾಮಾಯಿತು. ನನ್ನ ಬೆನ್ನಿಗೆ ಹತ್ತಿಕೊಂಡಂತೆ ಒಂದು ಬಸ್ಸು ನಿಂತಿತ್ತು. ಸಾಲು ಕದಲಿತು. ಬಸ್ಸು ಹಾರ್ನು ಹಾಕಿತು. ಸ್ವಲ್ಪ ಹಿಂದೆ ಸರಿದರೂ ಗುದ್ದುವುದು ಖಂಡಿತ. ನೀಲಕ್ಕನ ಅಂಗೈಯ ಬೆವರು ನನ್ನ ಸ್ಟಿಯರಿಂಗಿಗೆ ಅಂಟಿತು. ಹ್ಯಾಂಡ್‌ಬ್ರೇಕು ಎಳೆದಿಟ್ಟಳು. ಎಡಗಾಲನ್ನು ನೂಲಿನಷ್ಟು ನೂಲಿನಷ್ಟು ಎತ್ತುತ್ತ ಬಂದಳು. ನಾನು ನಡುಗಿದೆ, ಮುಂದಕ್ಕೆ ಜಗ್ಗಿದೆ. ಆ ಘಳಿಗೆಗೆ ಸರಿಯಾಗಿ ಬ್ರೇಕು ಬಿಟ್ಟಳು. ಹಿಂದಕ್ಕೆ ಒಂದು ಕೂದಲೆಳೆಯೂ ಸರಿಯದೆ ನಾವು ಏರಿದೆವು. ಮತ್ತೆ ನಿಂತೆವು, ಮತ್ತೆ ಏರಿದೆವು, ಘಟ್ಟದ ನೆತ್ತಿಯ ತನಕ.

ಯಲ್ಲಾಪುರದ ಚಹಾ ಅಂಗಡಿಯ ಮುಂದೆ ಆ ಬಸ್ಸೂ ಬಂದು ನಿಂತಿತು. ಅದರ ಡ್ರೈವರ್ ಇಳಿದು ನೇರ ನಮ್ಮ ಕಡೆ ಬಂದ. ಹಿಂದೊಮ್ಮೆ ಫಕ್ಕೀರಪ್ಪನ ಕೈಕೆಳಗೆ ಈ ಮಾರ್ಗ ಕಲಿತವನಂತೆ, ಹೆಸರು ಹನುಮಗೌಡ.

"ಅಣ್ಣಾರ, ಈ ಕೆಂಪು ಗಾಡ್ಯಾಗ ನೀವಾ? ಹಿಂದ ಬಂದು ಬಡೀತೈತಿ ಅಂತ ನಾ ಕುಂತಿದ್ದೆ. ಒಂದೀಟೂ ಸರೀಲಿಲ್ಲ. ಯಾರ್ರೀ ಡ್ರೈವರು?"

ಫಕ್ಕೀರಪ್ಪ ಚಹಾದ ಗ್ಲಾಸು ಕೆಳಗಿಟ್ಟು ಹೆಂಡತಿಯ ಭುಜವನ್ನು ಹುಡುಕಿ ಕೈ ಇಟ್ಟ.

"ಇವರು" ಎಂದ. "ನಮ್ಮ ಮನಿಯವ್ರು."

ಮದುವೆಯಾದಂದಿನಿಂದ ಮಂದಿಯೆದುರು ಅವಳನ್ನು "ಅಕಿ", "ಇಕಿ" ಎಂದೇ ಅಂದವನು ಅವನು. ನೀಲಕ್ಕ ಮುಖ ಅತ್ತ ತಿರುಗಿಸಿ ಸೆರಗಿನಿಂದ ನನ್ನ ಗಾಜು ಒರೆಸಿದಳು. ಗಾಜು ಚೊಕ್ಕಟವಾಗಿಯೇ ಇತ್ತು.

ಆಮೇಲೆ ಫಕ್ಕೀರಪ್ಪನಿಗೆ ಕಟ್ಟೆ ಮರೆತುಹೋಯಿತು. ಮದುವೆ, ಮುಂಜಿ, ಹಳೆಯ ಗೆಳೆಯರ ಊರು, ಎಲ್ಲೆಡೆ ಹೋದೆವು. ಬಂದವರಿಗೆಲ್ಲ ಘಟ್ಟದ ಕಥೆ ಹೇಳುತ್ತಿದ್ದ. ಅವನು ಹೇಳಹೇಳುತ್ತ ಘಟ್ಟ ಕಡಿದಾಗುತ್ತ ಹೋಯಿತು.

ಈಗ ನನಗೆ ವಯಸ್ಸಾಗಿದೆ. ದೂರದ ದಾರಿಗೆ ನೀಲಕ್ಕ ಬೇರೆ ಗಾಡಿ ತಂದಿದ್ದಾಳೆ. ಗುಜರಿಗೆ ಕೊಡುತ್ತೀರಾ ಎಂದು ಕೇಳಿ ಬಂದವರನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದಳು. ಹಿತ್ತಲ ಹುಣಸೆಮರದ ನೆರಳಲ್ಲಿ ನಿಂತು ನಾನು ಒಮ್ಮೊಮ್ಮೆ ಯೋಚಿಸುತ್ತೇನೆ. ವಸ್ತುವಾಗಿ ಹುಟ್ಟಿದವರಿಗೆ ಯಾರ ಕೈಗೆ ಹೋಗಬೇಕೆಂದು ಆರಿಸುವ ಭಾಗ್ಯವಿಲ್ಲ. ಆದರೆ ಎಲ್ಲವನ್ನೂ ನೋಡಿ, ತಿಳಿದು, ಬೇಕೆಂದೇ ಆರಿಸಿಕೊಳ್ಳುವವರ ಕೈ ಸಿಕ್ಕರೆ, ಅದಕ್ಕಿಂತ ದೊಡ್ಡದು ಇನ್ನೇನು ಬೇಕು?

ಭಾನುವಾರ ನನಗೆ ಬಿಡುವಿಲ್ಲ. ಓಣಿಯ ಹೆಂಗಸರು ಡ್ರೈವಿಂಗ್ ಕಲಿಯಲು ಬರುತ್ತಾರೆ. ಇವತ್ತು ಬಂದವಳು ರೊಟ್ಟಿ ಮಾಡಿ ಮಾರುವ ಗುರುಸಿದ್ದವ್ವ. ಊರಾಚೆಯ ಬಯಲಿನಲ್ಲಿ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ಕೂತಿದ್ದಾಳೆ. ಕ್ಲಚ್ಚು ದಡಕ್ಕನೆ ಬಿಡುತ್ತಾಳೆ. ನಾನು ಕುಪ್ಪಳಿಸಿ ನಿಲ್ಲುತ್ತೇನೆ.

"ಯವ್ವಾ, ಕೆಡಿಸಿಬಿಟ್ನೇನು?"

"ಅದಕ್ಕೇನೂ ಆಗಿಲ್ಲ" ಎನ್ನುತ್ತಾಳೆ ಪಕ್ಕದಲ್ಲಿ ಕೂತ ನೀಲಕ್ಕ. "ಚಾಲೂ ಮಾಡು."

ಗುರುಸಿದ್ದವ್ವ ಕೀಲಿ ತಿರುಗಿಸುತ್ತಾಳೆ. ಗೇರು ಬೀಳುತ್ತದೆ. ನಾನು ಹೊರಡುತ್ತೇನೆ.